ಕಾಪಿ ಮಾಡಿದ್ದು ಎಲ್ಲಿಗೆ ಹೋತು?

ಮಳೆ ಸ್ವಲ್ಪ ಬಿಟ್ಟ ಒಂದು ಭಾನುವಾರ ಅಕ್ಕನ ಮಗ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದ. ಹತ್ತನೇ ಕ್ಲಾಸು, ಬದಿಯಡ್ಕದ ಹತ್ರ ಕನ್ನಡ ಮೀಡಿಯಂ ಶಾಲೆ. ಕಾಸರಗೋಡು ಕೇರಳಕ್ಕೆ ಸೇರಿದ್ದರ ಲಾಭ ನಷ್ಟ ಮಾತಾಡ್ಲಿಕ್ಕೆ ಕೂತ್ರೆ ರಾತ್ರಿ ಊಟ ತಣಿಯುವವರೆಗೂ ಮುಗಿಯುದಿಲ್ಲ, ಆದ್ರೆ ಇಲ್ಲಿಯ ಶಾಲೆಗಳಲ್ಲಿ ಐಟಿ ಕ್ಲಾಸು ಅಂದ್ರೆ ವಿಂಡೋಸಿನ ಬದಲು ಲಿನಕ್ಸು, ಪ್ರೋಗ್ರಾಮ್ ಬರೆಯುವ ಭಾಷೆ ಪೈಥಾನು, ಎಲ್ಲ ಪಾಠದಲ್ಲೇ ಉಂಟು, ಅದೊಂದು ಒಪ್ಪಬೇಕು. ಹುಡುಗ ಅದರಲ್ಲೇ ಸ್ವಲ್ಪ ಮುಂದೆ ಹೋಗಿ ಅಜ್ಜನಿಗೆ ಬೇಕಾಗಿ ಒಂದು ಪ್ರೋಗ್ರಾಮ್ ಮಾಡಿದ್ದಾನೆ. 452300 ಅಂತ ಟೈಪ್ ಮಾಡಿದ್ರೆ "ನಾಲ್ಕು ಲಕ್ಷದ ಐವತ್ತೆರಡು ಸಾವಿರದ ಮುನ್ನೂರು" ಅಂತ ಅಕ್ಷರದಲ್ಲಿ ಬರ್ತದೆ, ಕೆಳಗೆ ಕಾಪಿ ಅಂತ ಒಂದು ಬಟನ್. ಅದನ್ನು ಒತ್ತಿ, ಪ್ರೋಗ್ರಾಮ್ ಮುಚ್ಚಿ, ರಶೀದಿಯ ಫೈಲಲ್ಲಿ ಪೇಸ್ಟ್ ಮಾಡಿದ್ರೆ ಏನೂ ಬರುದಿಲ್ಲ. ಪ್ರೋಗ್ರಾಮ್ ಮುಚ್ಚದೆ ಪೇಸ್ಟ್ ಮಾಡಿದ್ರೆ ಬರ್ತದೆ! ಶಾಲೆಯಲ್ಲಿ ಯಾರ ಹತ್ರವೋ ವಿಂಡೋಸ್ ಮೆಷಿನಲ್ಲಿ ಹಾಕಿ ನೋಡಿದ್ನಂತೆ, ಅದರಲ್ಲಿ ಮುಚ್ಚಿದ ಮೇಲೂ ಬರ್ತದಂತೆ.

"ಮಾವಾ, ಕಾಪಿ ಮಾಡಿದ್ದು ಎಲ್ಲಿಗೆ ಹೋತು?"

ಪ್ರಶ್ನೆ ಸಣ್ಣದು ಕಂಡ್ರೂ ನಾನು ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಎಷ್ಟೋ ವರ್ಷದ ಮೇಲೆ ನನಗೆ ಅರ್ಥ ಆದ ವಿಷಯ ಇದು. ಉತ್ತರ ಎಂತ ಅಂದ್ರೆ ಅದು ಎಲ್ಲಿಗೂ ಹೋಗಲೇ ಇಲ್ಲ. ಕಾಪಿ ಒತ್ತಿದಾಗಲೂ ಹೋಗಿರಲಿಲ್ಲ.

ನಾವೆಲ್ಲ ಕ್ಲಿಪ್‌ಬೋರ್ಡ್ ಅಂದ್ರೆ ಕಂಪ್ಯೂಟರ್ ಒಳಗೆ ಒಂದು ಡಬ್ಬಿ ಉಂಟು, ಕಾಪಿ ಮಾಡಿದ್ರೆ ಅದರೊಳಗೆ ಬೀಳ್ತದೆ, ಪೇಸ್ಟ್ ಮಾಡಿದ್ರೆ ಅದರಿಂದ ತೆಗಿತೇವೆ ಅಂತ ತಿಳ್ಕೊಂಡಿದ್ದೇವೆ. ಹೆಚ್ಚಿನ ದಿನ ಹಾಗೆ ತಿಳ್ಕೊಂಡ್ರೂ ಏನೂ ತೊಂದರೆ ಇಲ್ಲ. ತೊಂದರೆ ಬಂದ ದಿನ ಮಾತ್ರ ಡಬ್ಬಿಯ ಲೆಕ್ಕದಲ್ಲಿ ತಲೆ ಕೆರೆದ್ರೆ ಉತ್ತರ ಸಿಕ್ಕುದಿಲ್ಲ.

ಅವನಿಗೆ ನಾನು ಅಡಿಕೆಯಲ್ಲಿ ಹೇಳಿದೆ, ನಮ್ಮಲ್ಲಿ ಅದು ಎಲ್ಲರಿಗೂ ಅರ್ಥ ಆಗ್ತದೆ. ಅಜ್ಜ ಪೇಟೆಗೆ ಹೋಗಿ ವ್ಯಾಪಾರಿ ಹತ್ರ "ಅಡಿಕೆ ಉಂಟು" ಅಂತಾರೆ. ಗೋಣಿ ತಕ್ಕೊಂಡು ಹೋಗಿರ್ತಾರಾ? ಇಲ್ಲ, ಗೋಣಿ ಮನೆಯ ಅಟ್ಟದಲ್ಲೇ ಉಂಟು. ವ್ಯಾಪಾರಿ ಕೇಳ್ತಾನೆ, ಎಂತೆಂತದು ಉಂಟು? ಹೊಸತುಂಟು, ಹಳೆದುಂಟು, ಪಟೋರ ಉಂಟು, ಕರಿಗೋಟು ಉಂಟು. ಸರಿ, ಹಳೆದು ಕೊಡಿ. ಆಗ ಗೋಣಿ ಅಟ್ಟದಿಂದ ಇಳಿತದೆ, ಅದುವರೆಗೆ ಪೇಟೆಗೆ ಹೋದದ್ದು ಬರೀ ಮಾತು. ಅಜ್ಜ ಮಾತು ಕೊಟ್ಟು ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಮಗಳ ಮನೆಗೆ ಹೋದ್ರೆ ವ್ಯಾಪಾರಿ ಬಾಗಿಲು ಬಡಿದು ವಾಪಸ್ ಹೋಗ್ಬೇಕು ಅಷ್ಟೆ. ಮಾಣಿಯ ಪ್ರೋಗ್ರಾಮ್ ಮಾಡಿದ್ದು ಅದನ್ನೇ.

ಲಿನಕ್ಸಲ್ಲಿ ತುಂಬ ವರ್ಷದಿಂದ ಇರುವ ಎಕ್ಸ್11 ಅನ್ನುವ ವಿಂಡೋ ಸಿಸ್ಟಂ, 1987ರದ್ದು, ಅದರ ಕ್ಲಿಪ್‌ಬೋರ್ಡ್ ನಡೆಯುದು ಹೆಚ್ಚುಕಡಿಮೆ ಇದೇ ಮಾತುಕತೆಯಲ್ಲಿ. ನೀವು ಕಂಟ್ರೋಲ್ ಸಿ ಒತ್ತಿದಾಗ ಪ್ರೋಗ್ರಾಮು ಎಕ್ಸ್ ಸರ್ವರಿಗೆ, ಅಂದ್ರೆ ನಡುವೆ ಕೂತು ಪರದೆ ನೋಡ್ಕೊಳ್ಳುವ ಪ್ರೋಗ್ರಾಮಿಗೆ, ಹೇಳುದು ಒಂದೇ ಮಾತು: ಇನ್ನು ಕ್ಲಿಪ್‌ಬೋರ್ಡಿನ ಯಜಮಾನ ನಾನು. ಅಕ್ಷರ ಒಂದೂ ದಾಟಲಿಲ್ಲ. ಸರ್ವರು ಹಳೆ ಯಜಮಾನನಿಗೆ "ನಿನ್ನದು ಹೋಯ್ತು" ಅಂತ ಸುದ್ದಿ ಮುಟ್ಟಿಸ್ತದೆ. ಇನ್ನೊಂದು ಪ್ರೋಗ್ರಾಮಲ್ಲಿ ಕಂಟ್ರೋಲ್ ವಿ ಒತ್ತಿದ್ರೆ ಅದು ಸರ್ವರ ಮೂಲಕ ಯಜಮಾನನನ್ನು ಕೇಳ್ತದೆ, ಯಾವ್ಯಾವ ರೂಪದಲ್ಲಿ ಕೊಡ್ತೀಯ? ಆ ಪ್ರಶ್ನೆಗೆ ಟಾರ್ಗೆಟ್ಸ್ ಅಂತ ಹೆಸರು. ಯಜಮಾನ ಪಟ್ಟಿ ಕೊಡ್ತದೆ, ಬರೀ ಟೆಕ್ಸ್ಟ್, ವೆಬ್ ಪುಟದ ರೂಪವಾದ ಎಚ್‌ಟಿಎಂಎಲ್, ಚಿತ್ರ, ಹೀಗೆ. ಕೇಳಿದವ ತನಗೆ ಬೇಕಾದ್ದು ಆರಿಸ್ತಾನೆ, ಆಗ ಮಾತ್ರ ಡಾಟಾ ದಾಟುದು. ದೊಡ್ಡ ಚಿತ್ರ ಆದ್ರೆ ಒಂದೇ ಲೋಡಲ್ಲಿ ಆಗುದಿಲ್ಲ, ನಾಲ್ಕಾರು ಟ್ರಿಪ್ಪಲ್ಲಿ ತುಂಡು ತುಂಡು ಮಾಡಿ ಸಾಗಿಸ್ಲಿಕ್ಕೆ ಕೂಡ ಒಂದು ಕ್ರಮ ಇಟ್ಟಿದ್ದಾರೆ. ಇಬ್ಬರು ಒಟ್ಟಿಗೆ ನಾನು ಯಜಮಾನ ಅಂದ್ರೆ? ಕೀ ಒತ್ತಿದ ಹೊತ್ತು ಯಾವುದು ಅಂತ ಜೊತೆಗೆ ಹೇಳ್ಬೇಕು, ತಡವಾಗಿ ಒತ್ತಿದವನಿಗೆ ಪಟ್ಟ.

ಹಾಗಾದ್ರೆ ಎಲ್ಲ ಲಿನಕ್ಸಲ್ಲೂ ಪ್ರೋಗ್ರಾಮ್ ಮುಚ್ಚಿದ್ರೆ ಕಾಪಿ ಹೋಗ್ಬೇಕಲ್ಲ, ಹಾಗೆ ಆಗುದಿಲ್ಲ ಯಾಕೆ ಅಂತ ಕೇಳಿದ. ಒಳ್ಳೆ ಪ್ರಶ್ನೆ. ಕ್ಲಿಪ್‌ಬೋರ್ಡ್ ಮೇನೇಜರ್ ಅಂತ ಹಿಂದೆ ಕೂತು ಕೆಲಸ ಮಾಡುವ ಒಂದು ಪ್ರೋಗ್ರಾಮ್ ಇದ್ರೆ ಅದು ಗೋಣಿ ಇಳಿಸಿ ತನ್ನ ಗೋಡೌನಲ್ಲಿ ಇಟ್ಕೊಳ್ತದೆ, ಆಮೇಲೆ ತಾನೇ ಯಜಮಾನ ಆಗ್ತದೆ. ದೊಡ್ಡ ಡೆಸ್ಕ್‌ಟಾಪುಗಳಲ್ಲಿ ಇಂಥದ್ದು ಸಾಮಾನ್ಯ ಇರ್ತದೆ. ಇವನ ಹಳೆ ಲ್ಯಾಪ್‌ಟಾಪಿಗೆ ಭಾರ ಆಗ್ತದೆ ಅಂತ ನಾನೇ ಹಗುರದ ಲಿನಕ್ಸ್ ಹಾಕಿ ಕೊಟ್ಟದ್ದು, ಅದರಲ್ಲಿ ಅಂಥ ಗೋಡೌನು ಇಲ್ಲ. ತಪ್ಪು ನನ್ನದೇ ಅಂತಾಯ್ತು.

ವಿಂಡೋಸಿನ ಕ್ರಮ ಸ್ವಲ್ಪ ಬೇರೆ. ಅದರಲ್ಲಿ ಡಬ್ಬಿ ಅನ್ನುವಂಥದ್ದು ನಿಜಕ್ಕೂ ಉಂಟು, ಸಿಸ್ಟಮ್ಮೇ ನೋಡ್ಕೊಳ್ತದೆ. ಪ್ರೋಗ್ರಾಮು ಡಬ್ಬಿ ತೆರೆದು, ಹಳೆದು ಖಾಲಿ ಮಾಡಿ, ತನ್ನದು ಹಾಕಿ, ಮುಚ್ಬೇಕು. ಒಂದು ಹೊತ್ತಿಗೆ ಒಬ್ಬನೇ ತೆರೆಯಬಹುದು, ಒಬ್ಬ ತೆರೆದು ಮುಚ್ಚದೆ ಕೂತ್ರೆ ಉಳಿದವರಿಗೆಲ್ಲ ಕಾಪಿ ಪೇಸ್ಟ್ ಬಂದ್. ಕೆಲವೊಮ್ಮೆ ಕಂಟ್ರೋಲ್ ಸಿ ಒತ್ತಿದ್ರೂ ಕಾಪಿ ಆಗಲೇ ಇಲ್ಲ, ಎರಡನೇ ಸಲ ಒತ್ತಿದ್ರೆ ಆಯ್ತು ಅಂತ ಆಗ್ತದಲ್ಲ, ಅದರ ಹಿಂದೆ ಎಷ್ಟೋ ಸಲ ಇದೇ ಇರ್ತದೆ, ಅದಕ್ಕೇ ಬುದ್ಧಿ ಇದ್ದ ಪ್ರೋಗ್ರಾಮರುಗಳು ತೆರಿಲಿಕ್ಕೆ ಆಗದಿದ್ರೆ ಒಂದು ಕ್ಷಣ ಬಿಟ್ಟು ನಾಲ್ಕೈದು ಸಲ ಪ್ರಯತ್ನ ಮಾಡುವ ಹಾಗೆ ಬರೆಯುದು.

ಆದ್ರೆ ವಿಂಡೋಸಲ್ಲೂ ಬರೀ ಮಾತು ಕೊಡುವ ಸೌಕರ್ಯ ಉಂಟು. ಡಾಟಾದ ಜಾಗದಲ್ಲಿ ಖಾಲಿ ಇಟ್ಟು "ಈ ರೂಪ ನನ್ನತ್ರ ಉಂಟು, ಬೇಕಾದಾಗ ಕೇಳು" ಅಂತ ಹೇಳಬಹುದು. ವ್ಯತ್ಯಾಸ ಎಂತ ಅಂದ್ರೆ ಆ ಪ್ರೋಗ್ರಾಮ್ ಮುಚ್ಚುವ ಮೊದಲು ವಿಂಡೋಸ್ ತಡೆದು, ಹೇಳಿದ್ದನ್ನೆಲ್ಲ ಕೊಟ್ಟು ಹೋಗು ಮಾರಾಯ ಅಂತದೆ. ಎಕ್ಸೆಲಲ್ಲಿ ದೊಡ್ಡ ಪಟ್ಟಿ ಕಾಪಿ ಮಾಡಿ ಮುಚ್ಚುವಾಗ ಕ್ಲಿಪ್‌ಬೋರ್ಡಲ್ಲಿ ತುಂಬ ಮಾಹಿತಿ ಉಂಟು, ಇಟ್ಟು ಹೋಗ್ಬೇಕಾ ಅಂತ ಕೇಳುದು ನೋಡಿದ್ದೀರಲ್ಲ? ಅದು ಹೀಗೆ ಗೋಣಿ ಇಳಿಸುವ ಹೊತ್ತಿನ ಪ್ರಶ್ನೆ. ಮಾಣಿಯ ಪ್ರೋಗ್ರಾಮು ಸ್ನೇಹಿತನ ವಿಂಡೋಸಲ್ಲಿ ಸರಿಯಾದದ್ದೂ ಇದೇ ಕಾರಣಕ್ಕೆ.

ಇನ್ನು ಈ ರೂಪಗಳ ಪಟ್ಟಿ. ನನ್ನ ಲೆಕ್ಕದಲ್ಲಿ ಇಡೀ ವಿಷಯದ ಗಂಟು ಇರುದು ಇಲ್ಲೇ. ನಮ್ಮ ಊರಿನ ದೇವಸ್ಥಾನದ ಬ್ರಹ್ಮಕಲಶಕ್ಕೆ ಆಮಂತ್ರಣ ಪತ್ರಿಕೆ ಮಾಡಿಸಿದಾಗ ಆದದ್ದು ಹೇಳ್ತೇನೆ. ಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿ ಚಂದಕ್ಕೆ ಮಾಡಿ ಕೊಟ್ರು, ಒಂದು ಬದಿ ಕನ್ನಡ, ಒಂದು ಬದಿ ಮಲಯಾಳ. ಸಮಿತಿಯವರಿಗೆ ಅದರ ಕಾರ್ಯಕ್ರಮದ ಪಟ್ಟಿ ವಾಟ್ಸಾಪಿಗೆ ಹಾಕ್ಬೇಕಿತ್ತು. ಫೈಲು ತೆರೆದು ಕಾಪಿ ಮಾಡಿ ವರ್ಡಲ್ಲಿ ಪೇಸ್ಟ್ ಮಾಡಿದ್ರೆ ಒಳ್ಳೆ ಕನ್ನಡ, ಅಲ್ಲಿಂದಲೇ ಕಾಪಿ ಮಾಡಿ ವಾಟ್ಸಾಪಲ್ಲಿ ಪೇಸ್ಟ್ ಮಾಡಿದ್ರೆ ಇಂಗ್ಲಿಷ್ ಅಕ್ಷರಕ್ಕೆ ತಲೆಮೇಲೆ ಸೊನ್ನೆ, ಟೋಪಿ, ಬಾಲ ಎಲ್ಲ ಇಟ್ಟ ಹಾಗೆ ಎಂತೆಂತದೋ ಬಂತು. ಕಂಪ್ಯೂಟರಿಗೆ ವೈರಸ್ ಬಂದಿದೆ ಅಂತ ಒಬ್ಬರು ತೀರ್ಮಾನವೂ ಕೊಟ್ರು.

ವೈರಸ್ಸೂ ಇಲ್ಲ ಮಣ್ಣೂ ಇಲ್ಲ. ಯುನಿಕೋಡ್, ಅಂದ್ರೆ ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ನಂಬರು ಕೊಟ್ಟ ಪಟ್ಟಿ, ಬರುವ ಮೊದಲು ನಮ್ಮ ಭಾಷೆಗಳಿಗೆ ಕಂಪ್ಯೂಟರಲ್ಲಿ ಸರಿಯಾದ ಜಾಗ ಇರಲಿಲ್ಲ, ಆಗ ಮಾಡಿದ ಉಪಾಯ ಎಂತ ಅಂದ್ರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟು. ಫೈಲಿನ ಒಳಗೆ ಇರುದು ಇಂಗ್ಲಿಷ್ ಅಕ್ಷರದ ನಂಬರೇ, ಫಾಂಟು ಮಾತ್ರ ಅದನ್ನು ಕನ್ನಡವಾಗಿ ತೋರಿಸ್ತದೆ. ನುಡಿ, ಬರಹ, ಶ್ರೀಲಿಪಿ, ಎಲ್ಲದರಲ್ಲೂ ಆ ಕಾಲದ ಇಂಥ ಫಾಂಟುಗಳು ಉಂಟು, ಮಲಯಾಳದಲ್ಲೂ ಇದೇ ಕತೆ. ಈಗ ವರ್ಡಿಂದ ಕಾಪಿ ಮಾಡಿದಾಗ ವರ್ಡು ಒಂದೇ ರೂಪ ಕೊಡುದಲ್ಲ. ಫಾಂಟಿನ ಹೆಸರು, ಸೈಜು, ಬಣ್ಣ ಎಲ್ಲ ಇರುವ ಆರ್‌ಟಿಎಫ್ ಒಂದು, ಎಚ್‌ಟಿಎಂಎಲ್ ಒಂದು, ಬರೀ ಟೆಕ್ಸ್ಟ್ ಒಂದು, ಮತ್ತೂ ಕೆಲವು. ಇನ್ನೊಂದು ವರ್ಡ್ ಫೈಲು ಫಾಂಟ್ ಇರುವ ರೂಪ ಕೇಳಿ ತಕ್ಕೊಂಡಿತು, ಕನ್ನಡ ಕಂಡಿತು. ವಾಟ್ಸಾಪು ಕೇಳಿದ್ದು ಬರೀ ಟೆಕ್ಸ್ಟ್. ಫಾಂಟ್ ಬಿಟ್ಟು ಬಂದದ್ದೇ, ಒಳಗಿದ್ದ ಇಂಗ್ಲಿಷ್ ನಂಬರು ಬೆತ್ತಲಾಯ್ತು. ಕ್ಲಿಪ್‌ಬೋರ್ಡ್ ಎಂತದೂ ಹಾಳು ಮಾಡ್ಲಿಲ್ಲ, ಕೇಳಿದ್ದನ್ನು ಕೊಟ್ಟಿತು. ಇದಕ್ಕೆ ಮದ್ದು ಎಷ್ಟು ಸಲ ಪೇಸ್ಟ್ ಮಾಡಿದ್ರೂ ಸಿಕ್ಕುದಿಲ್ಲ, ಕನ್ವರ್ಟರ್ ಹಾಕಿ ಯುನಿಕೋಡ್ ಮಾಡ್ಬೇಕು, ಮಾಡಿದ್ದೂ ಅದೇ.

ಇದರ ಉಲ್ಟಾ ತೊಂದರೆ ಎಲ್ಲರಿಗೂ ಆಗಿರ್ತದೆ. ಯಾವುದೋ ವೆಬ್‌ಸೈಟಿಂದ ಎರಡು ಸಾಲು ಕಾಪಿ ಮಾಡಿ ಪತ್ರದಲ್ಲಿ ಪೇಸ್ಟ್ ಮಾಡಿದ್ರೆ ನೀಲಿ ಬಣ್ಣ, ಹಿಂದೆ ಬೂದು ಪಟ್ಟಿ, ಒಂದೂವರೆ ಪಟ್ಟು ದೊಡ್ಡ ಅಕ್ಷರ, ಎಲ್ಲ ಸಂಸಾರ ಸಮೇತ ಬರ್ತದೆ. ಬ್ರೌಸರು ಎಚ್‌ಟಿಎಂಎಲ್ ಉಂಟು ಅಂತು, ವರ್ಡು ಸಿಕ್ಕಿದ್ದೇ ಚಾನ್ಸು ಅಂತ ಅದನ್ನೇ ತಕ್ಕೊಂಡಿತು. ಕಂಟ್ರೋಲ್ ಶಿಫ್ಟ್ ವಿ ಒತ್ತಿದ್ರೆ ಬಹಳಷ್ಟು ಪ್ರೋಗ್ರಾಮುಗಳಲ್ಲಿ ಬರೀ ಟೆಕ್ಸ್ಟ್ ಬರ್ತದೆ. ಅದು ಗೊತ್ತಿಲ್ಲದ ಕಾಲದಲ್ಲಿ ನಾವು ನೋಟ್‌ಪ್ಯಾಡಲ್ಲಿ ಪೇಸ್ಟ್ ಮಾಡಿ, ಅಲ್ಲಿಂದ ಪುನಃ ಕಾಪಿ ಮಾಡಿ ತರ್ತಿದ್ದೆವು, ಬಾವಿಕಟ್ಟೆಯಲ್ಲಿ ಕಾಲು ತೊಳೆದು ಒಳಗೆ ಬರುವ ಹಾಗೆ. ಈಗಲೂ ನನ್ನ ಕೈ ಅದನ್ನೇ ಮಾಡ್ತದೆ.

ಮತ್ತೆ ಕನ್ನಡದ ಜಾಗದಲ್ಲಿ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಬರುದು, ಅದೂ ಇದೇ ಜಾತಿಯ ಕಾಯಿಲೆ. ವಿಂಡೋಸಲ್ಲಿ ಟೆಕ್ಸ್ಟಿಗೆ ಒಂದು ಹಳೆ ರೂಪ ಉಂಟು, ಒಂದು ಯುನಿಕೋಡ್ ರೂಪ ಉಂಟು, ಒಂದನ್ನು ಕೊಟ್ರೆ ಇನ್ನೊಂದನ್ನು ವಿಂಡೋಸ್ ತಾನೇ ಮಾಡಿಕೊಡ್ತದೆ. ಹಳೆ ರೂಪ ನಡೆಯುದು ಕೋಡ್‌ಪೇಜ್ ಅನ್ನುವ ಸಣ್ಣ ಅಕ್ಷರಪಟ್ಟಿಯ ಮೇಲೆ, ಈ ಹಳೆ ರೂಪಕ್ಕೆ ಆಗುವ ಕನ್ನಡದ ಕೋಡ್‌ಪೇಜು ವಿಂಡೋಸಲ್ಲಿ ಇಡಲೇ ಇಲ್ಲ, ಕನ್ನಡ ಬಂದದ್ದೇ ಯುನಿಕೋಡಿನ ಹೊಟ್ಟೆಯಲ್ಲಿ. ಹಾಗಾಗಿ ಯಾವುದಾದ್ರೂ ಹಳೆ ಬಿಲ್ಲಿಂಗ್ ಸಾಫ್ಟ್‌ವೇರು ಹಳೆ ರೂಪವನ್ನೇ ಕೇಳಿದ್ರೆ ಒಂದೊಂದು ಚಿಹ್ನೆಗೂ ಒಂದೊಂದು ಪ್ರಶ್ನಾರ್ಥಕ. ಕಾಸರಗೋಡು ಅಂತ ಪೇಸ್ಟ್ ಮಾಡಿದ್ರೆ ಎಂಟು ಬರ್ತದೆ. ಐದೇ ಅಕ್ಷರಕ್ಕೆ ಎಂಟು ಯಾಕೆ ಅಂತ ಕೇಳಿದ್ರೆ ಕ ಒಂದು, ದೀರ್ಘ ಒಂದು, ಸ, ರ, ಗ, ಓಕಾರ, ಡ, ಕೊಂಬು. ಲೆಕ್ಕ ಸರಿ ಉಂಟು.

ಈ ಎಂಟು ಐದರ ಲೆಕ್ಕ ಸೆಲೆಕ್ಷನ್ನಿಗೂ ಬೇಕು. ಕಾಪಿ ಮಾಡುವ ಮೊದಲು ಸೆಲೆಕ್ಟ್ ಮಾಡ್ಬೇಕಲ್ಲ, ಅದರ ಬಗ್ಗೆ ಯಾರೂ ಮಾತಾಡುದಿಲ್ಲ, ಪ್ರೋಗ್ರಾಮ್ ಬರೆಯುವವನಿಗೆ ಮಾತ್ರ ಕಾಪಿಗಿಂತ ಹತ್ತು ಪಾಲು ತಲೆಬಿಸಿ ಅದು.

ಮೊದಲು ಸೆಲೆಕ್ಟ್ ಮಾಡಿ ಆಮೇಲೆ ಏನು ಮಾಡ್ಬೇಕು ಹೇಳುದು, ಈ ಕ್ರಮ ಹಿಂದೆ ಎಲ್ಲ ಕಡೆ ಇರಲಿಲ್ಲ, ಇದ್ದಲ್ಲೂ ತೊಡಕು ಇತ್ತು. 1974ರಲ್ಲಿ ಅಮೆರಿಕದ ಝೆರಾಕ್ಸ್ ಪಾರ್ಕ್ ಅನ್ನುವ ಸಂಶೋಧನಾ ಕೇಂದ್ರದಲ್ಲಿ ಬ್ರಾವೋ ಅಂತ ಒಂದು ಎಡಿಟರ್, ಬರೆದು ತಿದ್ದುವ ಪ್ರೋಗ್ರಾಮ್, ಮಾಡಿದ್ರು, ಬಟ್ಲರ್ ಲ್ಯಾಂಪ್ಸನ್, ಚಾರ್ಲ್ಸ್ ಸಿಮೋನಿ ಅವರೆಲ್ಲ ಸೇರಿ. ಅದರಲ್ಲಿ ಕಮಾಂಡ್ ಕೊಡುವ ಹೊತ್ತು ಬೇರೆ, ಟೈಪ್ ಮಾಡುವ ಹೊತ್ತು ಬೇರೆ. ಕಮಾಂಡಿನ ಹೊತ್ತಲ್ಲಿ ಇದ್ದೇವೆ ಅಂತ ಮರೆತು "ಎಡಿಟ್" ಅನ್ನುವ ಇಂಗ್ಲಿಷ್ ಶಬ್ದ ಟೈಪ್ ಮಾಡಿದ್ರೆ ಕತೆ ಮುಗೀತು: ಇ ಅಂದ್ರೆ ಎಲ್ಲವನ್ನೂ ಸೆಲೆಕ್ಟ್ ಮಾಡು, ಡಿ ಅಂದ್ರೆ ಅಳಿಸು, ಐ ಅಂದ್ರೆ ಸೇರಿಸು, ಉಳಿದ ಟಿ ಅಕ್ಷರ ಸೇರ್ತದೆ. ಇಡೀ ಫೈಲು ಹೋಗಿ ಒಂದು ಟಿ ಉಳಿತದೆ! ಅಲ್ಲೇ ಇದ್ದ ಲ್ಯಾರಿ ಟೆಸ್ಲರಿಗೆ ಹೀಗೆ ಬೇರೆ ಬೇರೆ ಹೊತ್ತು ಇಡುವ ಕ್ರಮ, ಇಂಗ್ಲಿಷಲ್ಲಿ ಮೋಡ್ ಅಂತಾರೆ, ಅದನ್ನು ಕಂಡ್ರೆ ಆಗ್ತಿರಲಿಲ್ಲ. ಅವರು ಟಿಮ್ ಮಾಟ್ ಜೊತೆ ಸೇರಿ 1970ರ ದಶಕದ ನಡುವೆ ಜಿಪ್ಸಿ ಅನ್ನುವ ಎಡಿಟರ್ ಮಾಡಿದ್ರು, ಪಠ್ಯಪುಸ್ತಕ ಪ್ರಕಾಶಕರ ಕೆಲಸಕ್ಕೆ ಬೇಕಾಗಿ. ಪುಸ್ತಕದವರು ಕಾಗದ ಕತ್ತರಿಸಿ ಅಂಟಿಸಿ ಮಾಡುವ ಕೆಲಸವೇ ಕಟ್, ಕಾಪಿ, ಪೇಸ್ಟ್ ಆಯ್ತು. ಮೌಸಲ್ಲಿ ಮೊದಲು ತೋರಿಸು, ಆಮೇಲೆ ಹೇಳು. ಆಮೇಲೆ ಟೆಸ್ಲರ್ ಆಪಲ್ ಸೇರಿದ್ರು, 1983ರ ಲೀಸಾ, 1984ರ ಮ್ಯಾಕಿಂಟಾಷ್ ಮೂಲಕ ಎಕ್ಸ್ ಸಿ ವಿ ಕೀಲಿಗಳು ಎಲ್ಲರ ಬೆರಳಿಗೆ ಬಂತು. ಅವರು ತೀರಿಹೋದದ್ದು 2020ರಲ್ಲಿ.

ನನಗೆ ಇದರಲ್ಲಿ ಖುಷಿ ಎಂತ ಅಂದ್ರೆ, ಇಂಗ್ಲಿಷಲ್ಲಿ ಅಳಿಸು ಅನ್ನುದು ಮೊದಲು, ಯಾವುದನ್ನು ಅನ್ನುದು ಆಮೇಲೆ. ನಮ್ಮಲ್ಲಿ "ಆ ಸಾಲನ್ನು ಅಳಿಸು", ಮಲಯಾಳದಲ್ಲೂ ತುಳುವಲ್ಲೂ ಹಾಗೆಯೇ. ಅವರಿಗೆಲ್ಲ ಗೊತ್ತಿತ್ತೋ ಇಲ್ವೋ, ಕಂಪ್ಯೂಟರಿಗೆ ನಮ್ಮ ಕಡೆಯ ವ್ಯಾಕರಣ ಕಲಿಸಿದ್ರು.

ಸರಿ, ಮೌಸ್ ಒತ್ತಿ ಎಳೆಯುವಾಗ ಒಳಗೆ ಎಂತ ನಡಿತದೆ. ಪ್ರೋಗ್ರಾಮಿಗೆ ಬರುದು ಬರೀ ಎರಡು ನಂಬರು, ಎಡದಿಂದ ಇಷ್ಟು ಮೇಲಿಂದ ಇಷ್ಟು. ಅದು ಯಾವ ಸಾಲು, ಆ ಸಾಲಲ್ಲಿ ಯಾವ ಎರಡು ಅಕ್ಷರದ ನಡುವೆ ಅಂತ ಅದೇ ಕಂಡುಹಿಡಿಬೇಕು. ಒತ್ತಿದ ಜಾಗಕ್ಕೆ ಆಂಕರ್ ಅಂತ ಹೇಳ್ತಾರೆ, ದೋಣಿಯ ಲಂಗರು, ಅದು ಅಲ್ಲಾಡುದಿಲ್ಲ. ಎಳೆದ ಹಾಗೆ ಇನ್ನೊಂದು ತುದಿ ಓಡಾಡ್ತದೆ. ಅದು ಲಂಗರಿನ ಹಿಂದೆ ಕೂಡ ಹೋಗಬಹುದು, ಹೊಸಬರು ಪ್ರೋಗ್ರಾಮ್ ಬರೆಯುವಾಗ ಶುರು ಸಣ್ಣ ನಂಬರು, ಕೊನೆ ದೊಡ್ಡ ನಂಬರು ಅಂತ ಇಟ್ಕೊಂಡು ಕೆಳಗಿಂದ ಮೇಲಕ್ಕೆ ಎಳೆದದ್ದೇ ಪ್ರೋಗ್ರಾಮ್ ಮಲಗ್ತದೆ. ಶಿಫ್ಟ್ ಹಿಡಿದು ಕ್ಲಿಕ್ ಮಾಡಿದ್ರೆ ಲಂಗರು ಇದ್ದಲ್ಲೇ ಇದ್ದು ತುದಿ ಮಾತ್ರ ಬದಲಾಗುದು, ಡಬಲ್ ಕ್ಲಿಕ್ ಮಾಡಿ ಹಾಗೇ ಎಳೆದ್ರೆ ಶಬ್ದಶಬ್ದವಾಗಿ ಹೋಗುದು. ಮೌಸು ವಿಂಡೋದ ಹೊರಗೆ ಹೋದ್ರೂ ಬಟನ್ ಬಿಡುವವರೆಗೆ ಸುದ್ದಿ ಬರ್ತಾ ಇರ್ಬೇಕು, ಕೆಳಗೆ ಹೋದ್ರೆ ಪುಟ ತಾನಾಗಿ ಜಾರಬೇಕು, ಅದಕ್ಕೊಂದು ಟೈಮರು. ಇದೆಲ್ಲ ಸರಿ ಇದ್ರೆ ಯಾರಿಗೂ ಗೊತ್ತಾಗುದಿಲ್ಲ, ಒಂದು ತಪ್ಪಿದ್ರೆ ಎಲ್ಲರಿಗೂ ಕಿರಿಕಿರಿ.

ಕನ್ನಡ ಬಂದಾಗ ಇನ್ನೂ ಮಜಾ. ಮಂಜೇಶ್ವರ ಅಂತ ಬರೀರಿ. ಕಣ್ಣಿಗೆ ನಾಲ್ಕು ಅಕ್ಷರ, ಮಂ ಜೇ ಶ್ವ ರ. ಒಳಗೆ ಎಂಟು ಚಿಹ್ನೆ, ಮ, ಸೊನ್ನೆ, ಜ, ಏಕಾರ, ಶ, ಹಲಂತ, ವ, ರ. ವ ಅನ್ನುದು ಒತ್ತಾಗಿ ಶ ಕೆಳಗೆ ಕೂತಿದೆ, ಹಾಗಾಗಿ ಶ ಮತ್ತು ವ ನಡುವೆ ಕರ್ಸರ್ ಇಡ್ಲಿಕ್ಕೆ ಪರದೆಯ ಮೇಲೆ ಜಾಗವೇ ಇಲ್ಲ. ಪ್ರೋಗ್ರಾಮು ಇಂಗ್ಲಿಷಿನ ಲೆಕ್ಕದಲ್ಲಿ ಆರು ಚಿಹ್ನೆ ಅಂತ ಕತ್ತರಿಸಿದ್ರೆ ಎಂತ ಸಿಕ್ತದೆ ಗೊತ್ತುಂಟಾ, ಮಂಜೇಶ್. ಊರು ಹೋಗಿ ಹುಡುಗ ಆಗ್ತದೆ. ಹಾಗೆ ಆಗಬಾರದು ಅಂತ ಒಳ್ಳೆ ಲೈಬ್ರೆರಿಗಳು, ಅಂದ್ರೆ ಪ್ರೋಗ್ರಾಮರುಗಳು ಬಳಸುವ ಸಿದ್ಧ ಕೋಡುಗಳು, ಬಾಣದ ಕೀ ಒತ್ತಿದ್ರೆ ಒಂದು ಗುಂಪು ದಾಟಿ ಹಾರ್ತವೆ, ಸೆಲೆಕ್ಟ್ ಮಾಡಿದ್ರೂ ಇಡೀ ಗುಂಪೇ ಸಿಕ್ತದೆ. ಬ್ಯಾಕ್‌ಸ್ಪೇಸ್ ಮಾತ್ರ ಬೇಕಂತಲೇ ಬೇರೆ ಇಟ್ಟಿದ್ದಾರೆ, ಅದು ಹಿಂದಿಂದ ಒಂದೊಂದೇ ಚಿಹ್ನೆ ಕಳಚ್ತದೆ, ಯಾಕಂದ್ರೆ ಟೈಪ್ ಮಾಡುವಾಗ ದೀರ್ಘ ತಪ್ಪಿದ್ರೆ ಅಷ್ಟು ಮಾತ್ರ ತೆಗೆದು ಸರಿ ಮಾಡ್ಲಿಕ್ಕೆ ಬೇಕಲ್ಲ. ಡಿಲೀಟ್ ಒತ್ತಿದ್ರೆ ಹೆಚ್ಚಿನ ಕಡೆ ಮುಂದಿನ ಗುಂಪು ಇಡೀ ಹೋಗ್ತದೆ. ಎರಡೂ ಅಳಿಸುದೇ ಆದ್ರೂ ನಡೆ ಬೇರೆ ಯಾಕೆ ಅಂತ ಕೆಲವರು ಸಿಟ್ಟಾಗುದುಂಟು, ನನಗೇನೋ ಇದು ಸರಿಯಾದ ಕ್ರಮ ಅಂತಲೇ ಕಾಣ್ತದೆ.

ಕಣ್ಣಿಗೆ ಕಾಣದ ಚಿಹ್ನೆಗಳೂ ಕಾಪಿಯಲ್ಲಿ ಬರ್ತವೆ. ಸಾಫ್ಟ್‌ವೇರ್ ಅಂತ ಬರೆಯುವಾಗ ವೇ ಒತ್ತಾಗಿ ಕೆಳಗೆ ಇಳಿಬಾರ್ದು ಅಂತ ನಡುವೆ ಅಗಲ ಇಲ್ಲದ ಒಂದು ಚಿಹ್ನೆ ಹಾಕ್ತೇವೆ, ಅದು ಕಾಣುದಿಲ್ಲ, ಕಾಪಿ ಮಾಡಿದ್ರೆ ಜೊತೆಗೆ ಹೋಗ್ತದೆ, ಆಮೇಲೆ ಹುಡುಕಿದ್ರೆ ಇದ್ದ ಶಬ್ದವೇ ಸಿಕ್ಕುದಿಲ್ಲ. ಓಕಾರದ್ದೂ ಹಾಗೆಯೇ, ಅದನ್ನು ಒಂದೇ ಚಿಹ್ನೆಯಾಗಿ ಇಡಬಹುದು, ಒಕಾರ ಮತ್ತು ದೀರ್ಘ ಅಂತ ಎರಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ ಗೋ, ಕಂಪ್ಯೂಟರಿಗೆ ಬೇರೆ ಬೇರೆ.

ಪಿಡಿಎಫಿಂದ ಕನ್ನಡ ಕಾಪಿ ಮಾಡುವವರ ಕಷ್ಟ ಕೇಳುದೇ ಬೇಡ. ಪಿಡಿಎಫ್ ಇಟ್ಕೊಳ್ಳುದು ಅಕ್ಷರವನ್ನಲ್ಲ, ಯಾವ ಆಕಾರ ಎಲ್ಲಿ ಕೂರ್ಬೇಕು ಅನ್ನುದನ್ನು. ಆ ಆಕಾರ ಯಾವ ಅಕ್ಷರ ಅಂತ ಹೇಳುವ ಒಂದು ಪಟ್ಟಿ ಒಳಗೆ ಇದ್ರೆ ಪುಣ್ಯ, ಇದ್ರೂ ಸಾಲಿನ ಕ್ರಮ ಕಣ್ಣಿಗೆ ಕಂಡ ಹಾಗೆ ಬರಬಹುದು. ಅರ್ಕಾವೊತ್ತು ಕಾಣುದು ಬಲಗಡೆ, ಕಂಪ್ಯೂಟರಿನ ಒಳಗೆ ಇರ್ಬೇಕಾದ್ದು ಮೊದಲು, ಹಾಗಾಗಿ ಸೂರ್ಯ ಹೋಗಿ ಸೂಯ೯ ಆಗಿ ಬರ್ತಾನೆ. ಮಲಯಾಳದವರ ಎಕಾರ ಅಕ್ಷರದ ಎಡಗಡೆ ಕೂರ್ತದೆ, ಅವರ ಪಾಡು ನಮ್ಮಿಂದ ಕಷ್ಟ.

ಲಿನಕ್ಸಿಗೆ ಮತ್ತೆ ಬರ್ತೇನೆ, ಅಲ್ಲಿ ಇನ್ನೊಂದು ವಿಚಿತ್ರ ಉಂಟು. ಯಜಮಾನಿಕೆ ಒಂದಲ್ಲ, ಎರಡು. ಕಂಟ್ರೋಲ್ ಸಿ ಒತ್ತಿದ್ರೆ ಸಿಕ್ಕುದು ಕ್ಲಿಪ್‌ಬೋರ್ಡ್. ಏನೂ ಒತ್ತದೆ ಬರೀ ಮೌಸಲ್ಲಿ ಸೆಲೆಕ್ಟ್ ಮಾಡಿದ್ರೆ ಪ್ರೈಮರಿ ಅನ್ನುವ ಇನ್ನೊಂದು, ಅದನ್ನು ಮೌಸಿನ ನಡುವಿನ ಬಟನ್ ಅಥವಾ ಚಕ್ರ ಒತ್ತಿ ಪೇಸ್ಟ್ ಮಾಡುದು. ಸೆಕೆಂಡರಿ ಅಂತ ಮೂರನೆಯದೂ ಉಂಟು, ಅದನ್ನು ಬಳಸಿದವರನ್ನು ನಾನು ನೋಡ್ಲಿಲ್ಲ. ಗೊತ್ತಿದ್ದವರಿಗೆ ಪ್ರೈಮರಿ ಅಂದ್ರೆ ಪ್ರಾಣ, ಎರಡು ಬೇರೆ ಬೇರೆ ವಿಷಯ ಒಟ್ಟಿಗೆ ಹಿಡ್ಕೊಳ್ಳಬಹುದು. ಗೊತ್ತಿಲ್ಲದವರಿಗೆ ಭೂತ ಬಂದ ಹಾಗೆ. ನನಗೆ ಪರಿಚಯದ ಟೀಚರೊಬ್ಬರು ಪ್ರಶ್ನೆಪತ್ರಿಕೆ ಮಾಡುವಾಗ ಚಕ್ರ ತಿರುಗಿಸುವ ಅವಸರದಲ್ಲಿ ಸ್ವಲ್ಪ ಗಟ್ಟಿ ಒತ್ತಿ, ಹಿಂದೆ ಯಾವಾಗಲೋ ಸೆಲೆಕ್ಟ್ ಮಾಡಿದ್ದ ಉತ್ತರದ ಸಾಲು ನಾಲ್ಕನೇ ಪ್ರಶ್ನೆಯ ಕೆಳಗೆ ಬಂದು ಕೂತಿತ್ತು, ಪ್ರಿಂಟಿಗೆ ಹೋಗುವ ಮೊದಲು ಕಂಡದ್ದು ಮಕ್ಕಳ ದುರದೃಷ್ಟ.

ಪ್ರೈಮರಿಯ ಒಂದು ನಿಜವಾದ ದೋಷ: ಹಳೆ ಶಬ್ದ ತೆಗೆದು ಅಲ್ಲಿ ಹೊಸದು ಪೇಸ್ಟ್ ಮಾಡ್ಬೇಕು ಅಂತ ಹಳೆ ಶಬ್ದ ಸೆಲೆಕ್ಟ್ ಮಾಡಿದ್ರಿ ಅಂತಿಟ್ಕೊಳ್ಳಿ, ಆ ಸೆಲೆಕ್ಟ್ ಮಾಡಿದ್ದೇ ಪ್ರೈಮರಿ ಆಯ್ತು, ಮೊದಲಿನದ್ದು ಹೋಯ್ತು. ಇಂಥ ಕೆಲಸಕ್ಕೆ ಕಂಟ್ರೋಲ್ ಸಿ ಕಂಟ್ರೋಲ್ ವಿ ಜೋಡಿಯೇ ಬೇಕು. ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಅನ್ನುವ ವಿಂಡೋದಲ್ಲಿ ಮಾತ್ರ ಕಂಟ್ರೋಲ್ ಸಿ ಒತ್ಬೇಡಿ, ಅಲ್ಲಿ ಅದಕ್ಕೆ ಓಡ್ತಿರುವ ಕೆಲಸ ನಿಲ್ಲಿಸು ಅಂತ ಅರ್ಥ, ಕಾಪಿ ಬೇಕಾದ್ರೆ ಶಿಫ್ಟೂ ಸೇರಿಸ್ಬೇಕು.

ಎಲ್ಲರಿಗೂ ಮುಖ್ಯವಾದ ಒಂದು ಮಾತು. ಎಕ್ಸ್11ರಲ್ಲೂ ವಿಂಡೋಸಲ್ಲೂ ಕ್ಲಿಪ್‌ಬೋರ್ಡನ್ನು ಓಡ್ತಿರುವ ಯಾವ ಪ್ರೋಗ್ರಾಮೂ ಕೇಳಿ ತಕ್ಕೊಳ್ಳಬಹುದು, ನಿಮ್ಮ ಹತ್ರ ಒಪ್ಪಿಗೆ ಕೇಳುದಿಲ್ಲ. ಕಾಪಿ ಮಾಡಿದ ಖಾತೆ ನಂಬರು ಪೇಸ್ಟ್ ಮಾಡುವಷ್ಟರಲ್ಲಿ ಬೇರೆ ನಂಬರು ಮಾಡಿಡುವ ಕಳ್ಳ ಪ್ರೋಗ್ರಾಮುಗಳೂ ಉಂಟು, ಹಾಗಾಗಿ ಹಣ ಕಳಿಸುವಾಗ ಪೇಸ್ಟ್ ಆದ ಮೇಲೆ ಕೊನೆಯ ನಾಲ್ಕು ಅಂಕಿ ನೋಡುದು ಒಳ್ಳೆದು. 2018ರ ಕೊನೆಗೆ ಬಂದ ವಿಂಡೋಸ್ 10ರ ಅಪ್‌ಡೇಟಿಂದ ವಿಂಡೋಸ್ ಕೀ ಮತ್ತು ವಿ ಒತ್ತಿದ್ರೆ ಹಳೆ ಕಾಪಿಗಳ ಪಟ್ಟಿ ಬರ್ತದೆ, 25ರವರೆಗೆ. ಆನ್ ಮಾಡಿದ್ರೆ ಮಾತ್ರ. ಒಂದು ಜೆರಾಕ್ಸ್ ಅಂಗಡಿಯಲ್ಲಿ ಅಭ್ಯಾಸಬಲದಿಂದ ನಾನು ಅದನ್ನು ಒತ್ತಿಬಿಟ್ಟೆ, ಬೆಳಿಗ್ಗೆಯಿಂದ ಬಂದವರ ಆಧಾರ್ ನಂಬರು, ಫೋನ್ ನಂಬರು, ಒಬ್ಬರ ಪಾಸ್‌ವರ್ಡು ಎಲ್ಲ ತೋರಣ ಕಟ್ಟಿದ ಹಾಗೆ ಇತ್ತು. ಅಂಗಡಿಯವರಿಗೆ ಅಂಥದ್ದೊಂದು ಉಂಟು ಅಂತಲೇ ಗೊತ್ತಿರಲಿಲ್ಲ ಪಾಪ, ಅವರ ಎದುರೇ ಅಳಿಸಿ ಆಫ್ ಮಾಡಿ ಬಂದೆ. ಪಾಸ್‌ವರ್ಡ್ ಮೇನೇಜರುಗಳು ಈ ಕಾರಣಕ್ಕೇ ಕಾಪಿ ಮಾಡಿ ಕೆಲವು ಸೆಕೆಂಡಲ್ಲಿ ತಾವೇ ಕ್ಲಿಪ್‌ಬೋರ್ಡ್ ಖಾಲಿ ಮಾಡುದು, ಇದನ್ನು ಪಟ್ಟಿಯಲ್ಲಿ ಇಡ್ಬೇಡ ಅಂತ ಚೀಟಿ ಅಂಟಿಸಿಯೂ ಕಳಿಸ್ತವೆ. ಲಿನಕ್ಸಲ್ಲಿ ಎಕ್ಸ್11ರ ಬದಲಿಗೆ ಬಂದ ಹೊಸ ವೇಲ್ಯಾಂಡ್ ಕ್ರಮದಲ್ಲಿ ಈಗ ಎದುರು ಇರುವ, ಫೋಕಸ್ ಇರುವ ಪ್ರೋಗ್ರಾಮಿಗೆ ಮಾತ್ರ ಸಾಮಾನ್ಯವಾಗಿ ಕ್ಲಿಪ್‌ಬೋರ್ಡಿನ ಸುದ್ದಿ ಹೋಗುದು, ಡಾಟಾವೂ ನೇರ ಒಂದು ಪೈಪಿನ ಮೂಲಕ ಕೊಡುವವನಿಂದ ತಕ್ಕೊಳ್ಳುವವನಿಗೆ. ಒಳ್ಳೆ ಬದಲಾವಣೆ, ಕ್ಲಿಪ್‌ಬೋರ್ಡ್ ಮೇನೇಜರ್ ಬರೆಯುವವರಿಗೆ ಮಾತ್ರ ಪ್ರತ್ಯೇಕ ದಾರಿ ಮಾಡಿಕೊಡ್ಬೇಕಾಯ್ತು.

ಮಾಣಿಗೆ ಇಷ್ಟೆಲ್ಲ ಹೇಳುವಷ್ಟರಲ್ಲಿ ಎರಡು ಸಲ ಕರೆಂಟು ಹೋಗಿ ಬಂತು. ಹಾಗಾದ್ರೆ ಈಗ ಎಂತ ಮಾಡುದು ಅಂತ ಕೇಳಿದ. ಕ್ಲಿಪ್‌ಬೋರ್ಡ್ ಮೇನೇಜರ್ ಹಾಕಿ ಕೊಡ್ತೇನೆ ಅಂದೆ, ಬೇಡವಂತೆ, ಅಜ್ಜನ ಕಂಪ್ಯೂಟರಲ್ಲೂ ಓಡ್ಬೇಕಲ್ಲ ಅಂದ. ಸರಿ ಅಂತ ಇಬ್ಬರೂ ಕೂತು ಇನ್ನೊಂದು ದಾರಿ ಹಿಡಿದೆವು. ಪೈಥಾನಲ್ಲಿ ವಿಂಡೋ, ಬಟನ್ ಮಾಡ್ಲಿಕ್ಕೆ ಟಿಕೆಇಂಟರ್ ಅಂತ ಒಂದು ಸಾಧನ ಉಂಟು, ಅದರಲ್ಲಿ ಕ್ಲಿಪ್‌ಬೋರ್ಡಿನ ಯಜಮಾನಿಕೆ ಕೈ ತಪ್ಪಿದಾಗ ಕರೆಯುವ ಹಾಗೆ ಒಂದು ಫಂಕ್ಷನ್ ಕೊಡಬಹುದು. ಮೂಲೆಯ ಗುಣಾಕಾರ ಒತ್ತಿದಾಗ ಪ್ರೋಗ್ರಾಮನ್ನು ಮುಗಿಸುದು ಬೇಡ, ವಿಂಡೋ ಮಾತ್ರ ಮರೆ ಮಾಡುದು. ಒಳಗೆ ಅದು ಕೂತಿರ್ತದೆ, ಯಾರಾದ್ರೂ ಕೇಳಿದ್ರೆ ಕೊಡ್ತದೆ. ಬೇರೆ ಯಾರೋ ಏನೋ ಕಾಪಿ ಮಾಡಿ "ನಿನ್ನದು ಹೋಯ್ತು" ಅಂತ ಸುದ್ದಿ ಬಂದಾಗ ಮಾತ್ರ ನಿಜಕ್ಕೂ ಮುಗಿಯುದು. ಹನ್ನೊಂದು ಸಾಲಾಯ್ತು.

ಮಾಣಿ 452300 ಹೊಡೆದು ಕಾಪಿ ಒತ್ತಿ ವಿಂಡೋ ಮುಚ್ಚಿದ. ರಶೀದಿಯಲ್ಲಿ ಪೇಸ್ಟ್ ಮಾಡಿದ, ಬಂತು. ಇನ್ನೊಮ್ಮೆ ಮಾಡಿದ, ಪುನಃ ಬಂತು. ಟಾಸ್ಕ್ ಮೇನೇಜರ್ ತೆರೆದು ನೋಡಿದ್ರೆ ಪಟ್ಟಿಯ ಕೆಳಗೆ ಪೈಥಾನ್ ಒಂದು ಸುಮ್ಮನೆ ಕೂತಿದೆ. ನಾನು ಬ್ರೌಸರಲ್ಲಿ ಯಾವುದೋ ಒಂದು ಶಬ್ದ ಕಾಪಿ ಮಾಡಿದೆ. ಪಟ್ಟಿಯಿಂದ ಪೈಥಾನ್ ಮಾಯ.

"ಹೋತು!" ಅಂತ ಮಾಣಿ ಕುಣಿದ.